ಪೈಲ್ ಗಟ್ಟಿಯಿದೆಯೇ? ಪರೀಕ್ಷಿಸಿಯೇ ಮುಂದುವರಿಯಿರಿ

ಪ್ರಶ್ನೆ: ಮಣ್ಣು ತುಂಬಿದ ನಿವೇಶನದಲ್ಲಿ ಮೂರಂತಸ್ತಿನ ಕಟ್ಟಡಕ್ಕೆ ಪೈಲ್ ಹಾಕಿಸಿದ್ದೇವೆ. ಕಾಂಕ್ರೀಟ್ ಸುರಿಯುವಾಗ ಒಂದು ಗುಂಡಿಯ ಮಣ್ಣು ಕುಸಿಯಿತು. ಕೆಲಸ ಮುಂದುವರಿಸಬಹುದೇ?
– ಓದುಗರು, ಚನ್ನರಾಯನದುರ್ಗ

ಉತ್ತರ: ಸದ್ಯ ಪೈಲ್ ಕ್ಯಾಪ್ ಕೆಲಸ ನಿಲ್ಲಿಸಿ. ಕಾಂಕ್ರೀಟಿಗೆ 14 ದಿನ ತುಂಬಿದ ಮೇಲೆ, ಪೈಲ್ ತಲೆಯ ಸಡಿಲ ಭಾಗ ಒಡೆಸಿ, ಎಲ್ಲ ಪೈಲ್‌ಗಳಿಗೂ ಐಎಸ್ 14893ರಂತೆ ಇಂಟೆಗ್ರಿಟಿ ಪರೀಕ್ಷೆ ಮಾಡಿಸಿ. ಸುತ್ತಿಗೆಯ ಪೆಟ್ಟಿನ ಅಲೆ ಮರಳುವ ಬಗೆಯಿಂದ ದೊಡ್ಡ ಬಿರುಕು, ಸೊಂಟ ಕಿರಿದಾದದ್ದು ತಿಳಿಯುತ್ತದೆ. ಹೊರುವ ಶಕ್ತಿ ತಿಳಿಯದು.

ಅದಕ್ಕೆ ಐಎಸ್ 2911ರ ನಾಲ್ಕನೇ ಭಾಗದಂತೆ ವಿನ್ಯಾಸದ ಒಂದೂವರೆ ಪಟ್ಟು ಭಾರ ಹೇರಿ ಕುಸಿತ ಅಳೆಸಿ. ಬಂಡೆಗಳ ಈ ಸೀಮೆಯಲ್ಲಿ ಗುಂಡುಕಲ್ಲನ್ನೇ ತಳಬಂಡೆಯೆಂದು ಭಾವಿಸುವ ಅಪಾಯವಿದೆ. ಬೋರ್‌ಹೋಲ್ ವರದಿಯನ್ನೂ ತಾಳೆ ನೋಡಿ.

ದೋಷ ಕಂಡರೆ ತೇಪೆ ಹಾಕಬೇಡಿ. ಪಕ್ಕದಲ್ಲಿ ಹೊಸ ಪೈಲ್ ಬೇಕೇ ಎಂಬುದನ್ನು ಜಿಯೋಟೆಕ್ನಿಕಲ್ ಎಂಜಿನಿಯರ್ ಲಿಖಿತವಾಗಿ ತೀರ್ಮಾನಿಸಲಿ.