ಕಿರಿಯ ಹಾಯಿದೋಣಿಗೆ ಎಷ್ಟು ಅಶ್ವಶಕ್ತಿಯ ಎಂಜಿನ್?

ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ಜಲವನ್ನು ಒಡಲಲ್ಲಿ ತುಂಬಿಕೊಂಡು ನಿಂತಿರುವ ಕೃಷ್ಣರಾಜಸಾಗರದ ಹಿನ್ನೀರು ಕಿಕ್ಕೇರಿಯ ಕಡೆಯವರಿಗೆ ಅಪರಿಚಿತವಾದುದಲ್ಲ. ಕಲ್ಲಹಳ್ಳಿಯ ಭೂವರಾಹಸ್ವಾಮಿಯ ದರ್ಶನಕ್ಕೆ ಹೋದವರೆಲ್ಲರೂ ಆ ವಿಸ್ತಾರವನ್ನು ಕಣ್ಣಾರೆ ಕಂಡವರೇ. ಅಂತಹ ನೀರಿನಲ್ಲಿ, ಸಂಬಂಧಪಟ್ಟ ಅಧಿಕಾರಿಗಳ ಅನುಮತಿಯನ್ನು ಪಡೆದು ಹಾಯಿದೋಣಿಯನ್ನು ನಡೆಸಬಯಸುವವರು, ಗಾಳಿ ಬಿದ್ದುಹೋದಾಗ ದಡ ಸೇರಲೆಂದು ದೋಣಿಯ ಹಿಂಬದಿಗೆ ಬಿಗಿಯುವ ಔಟ್‌ಬೋರ್ಡ್ ಎಂಜಿನ್ನನ್ನು ಕೊಳ್ಳುವಾಗ, ದೊಡ್ಡದೇ ಒಳ್ಳೆಯದೆಂಬ ಭಾವನೆಗೆ ವಶರಾಗಬಾರದು. ಕೊಳವೆಬಾವಿಯ ಆಳವನ್ನು ತಿಳಿಯದೆ ಪಂಪ್‌ಸೆಟ್ಟಿನ ಎಚ್.ಪಿ.ಯನ್ನು ಯಾವ ರೈತನೂ ನಿಶ್ಚಯಿಸನಷ್ಟೆ; ಇಲ್ಲಿಯೂ ಲೆಕ್ಕವೇ ಮೊದಲು.

ಪ್ರಥಮತಃ ತೂಕವನ್ನು ಕೂಡಿಸಿರಿ. ಬರಿಯ ದೋಣಿಯ ತೂಕವಲ್ಲ; ಜನ, ಹಾಯಿ, ಲಂಗರು, ಪೆಟ್ರೋಲು, ಎಂಜಿನ್ ಎಲ್ಲವೂ ಸೇರಬೇಕು. ಒಂದು ಟನ್ನಿಗೆ ಸುಮಾರು 4 ಅಶ್ವಶಕ್ತಿ ಎಂಬುದು ರೂಢಿಯ ಸೂತ್ರ. 18 ಅಡಿಯ ದೋಣಿ 450 ಕಿಲೋ, ನಾಲ್ವರು 280 ಕಿಲೋ, ಉಳಿದುದು 70 ಕಿಲೋ ಎಂದಾದರೆ ಒಟ್ಟು 800 ಕಿಲೋ, ಬೇಕಾದುದು 3.2 ಅಶ್ವಶಕ್ತಿ. ಆದರೆ ನಮ್ಮ ಹಿನ್ನೀರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದನ್ನು ಮರೆಯಲಾಗದು. ಗಾಳಿ ತೆಳುವಾದಂತೆ, ಪ್ರತಿ 300 ಮೀಟರಿಗೆ ಶೇಕಡಾ 3ರಷ್ಟು ಶಕ್ತಿ ಕುಂದುವುದರಿಂದ, 3.5 ಅಶ್ವಶಕ್ತಿಯ ಎಂಜಿನ್ ಇಲ್ಲಿ ಕಷ್ಟದಿಂದ 3.2ನ್ನು ಮುಟ್ಟೀತು; ಎದುರುಗಾಳಿಗೆಂದು ಏನೂ ಮಿಗದು. ಆದಕಾರಣ 4 ಅಶ್ವಶಕ್ತಿಯದನ್ನೇ ಆರಿಸುವುದು ವಿಹಿತ.

ಹಾಗಾದರೆ 10 ಏಕೆ ಬೇಡ? ನೀರನ್ನು ಸೀಳಿಕೊಂಡು ಸಾಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ. ನೀರಿಗೆ ತಾಗುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಗರಿಷ್ಠ ವೇಗವು ನಾಟ್‌ಗಳಲ್ಲಿ ದೊರೆಯುತ್ತದೆ. 16 ಅಡಿಗೆ ಸುಮಾರು 5.4 ನಾಟ್, ಅಂದರೆ ಗಂಟೆಗೆ 10 ಕಿಲೋಮೀಟರ್. ಅದರಾಚೆಗೆ ಬಲವನ್ನು ಹೆಚ್ಚಿಸಿದರೆ ಹಿಂಬದಿ ಕುಸಿದು ಪೆಟ್ರೋಲು ವ್ಯರ್ಥವಾಗುವುದೇ ಹೊರತು ವೇಗ ಏರದು. ಮೇಲಾಗಿ 4 ಅಶ್ವಶಕ್ತಿಯದು ಸುಮಾರು 25 ಕಿಲೋ, 10ರದು 40 ಕಿಲೋ. ಹಿಂದೆ ಜೋತುಬಿದ್ದ ಆ ಭಾರವು ಹಾಯಿ ಬಿಚ್ಚಿದಾಗಲೂ ನಡೆಯನ್ನು ಕೆಡಿಸುತ್ತದೆ.

ಅನಂತರ ಶಾಫ್ಟಿನ ಉದ್ದ. ನನ್ನ ಅಭಿಪ್ರಾಯದಲ್ಲಿ ಇದು ಅಶ್ವಶಕ್ತಿಯಷ್ಟೇ ಮುಖ್ಯ. ಎಂಜಿನ್ ಬಿಗಿಯುವ ಹಲಗೆಯ ಮೇಲಂಚಿನಿಂದ ದೋಣಿಯ ತಳದವರೆಗೆ ಅಳೆಯಿರಿ. ಪ್ರೊಪೆಲ್ಲರಿನ ಮೇಲಿರುವ ಅಡ್ಡತಟ್ಟೆಯು ತಳಕ್ಕಿಂತ ಒಂದಂಗುಲವಾದರೂ ಕೆಳಗಿರಬೇಕು. 15 ಅಂಗುಲದ್ದು ಗಿಡ್ಡ, 20 ಅಂಗುಲದ್ದು ಉದ್ದ. ಮುಂಗಾರಿನ ಪಡುವಣ ಗಾಳಿಗೆ ಅಲೆಗಳೆದ್ದು ಹಿಂಬದಿ ಮೇಲೇಳುವಾಗ ಗಿಡ್ಡ ಶಾಫ್ಟಿನ ಪ್ರೊಪೆಲ್ಲರು ನೀರು ಬಿಟ್ಟು ಬರಿದೇ ತಿರುಗುವುದರಿಂದ, ಹಾಯಿದೋಣಿಗೆ ಸಾಮಾನ್ಯವಾಗಿ ಉದ್ದನೆಯದೇ ತಕ್ಕುದು. ಪ್ರೊಪೆಲ್ಲರಿನ ಪಿಚ್, ಅಂದರೆ ಅದು ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ, ಕಡಿಮೆಯಿರಲಿ.

ಬೇಸಗೆಯಲ್ಲಿ ನೀರಿಳಿದಾಗ ಮುಳುಗಿದ ಊರುಗಳ ಕಲ್ಲುಕಟ್ಟಡಗಳು ಮೇಲ್ಮೈಗೆ ಸಮೀಪಿಸುತ್ತವೆ. ಕಲ್ಲಿಗೆ ತಾಗಿದೊಡನೆ ತಾನು ಮುರಿದು ಗೇರನ್ನು ಉಳಿಸುವ ಶಿಯರ್ ಪಿನ್ ಇರುವ ಎಂಜಿನ್ನಾದರೆ, ಒಂದೆರಡು ಹೆಚ್ಚಿನ ಪಿನ್ನುಗಳು ಜೊತೆಗಿರಲಿ. ಜೊಂಡಿನ ನಡುವೆ ಎಂಜಿನ್ ನಡೆಸಬೇಡಿ.

ಹದಿನಾಲ್ಕು ಅಡಿಯೊಳಗಿನ ಹಗುರ ದೋಣಿಗೆ ಎಂಜಿನ್ನೇ ಬೇಡ, ಹುಟ್ಟು ಸಾಕು. ಎಂಜಿನ್ ಇದ್ದವರೂ ಹುಟ್ಟನ್ನು ಬಿಡದೆ ಒಯ್ಯಲಿ. ಎಲ್ಲರೂ ಲೈಫ್ ಜಾಕೆಟ್ ತೊಟ್ಟ ಹೊರತು ದಡವನ್ನು ಬಿಡಬೇಡಿ.