ದೂರದ ಸೈನಿಕರಿಗೆ ನಮ್ಮೂರ ಪೆಟ್ಟಿಗೆ



ನಮ್ಮ ಭಂಕೂರಿನಿಂದ ಮಗಳಿಗೆ ಗಂಟು ಕಳಿಸುವುದು ನಮಗೆ ಹೊಸದಲ್ಲ. ಮಗಳು ಗಂಡನ ಮನೆಗೆ ಹೊರಟರೆ ಕಡಕ್ ರೊಟ್ಟಿ ಕಟ್ಟುತ್ತೇವೆ. ಶೇಂಗಾ ಹಿಂಡಿ ಕಟ್ಟುತ್ತೇವೆ. ತೊಗರಿ ಬ್ಯಾಳಿ ಕಟ್ಟುತ್ತೇವೆ. ಕೂಸು ಹುಟ್ಟಿದರೆ ಕುಲಾವಿ ಹೊಲಿಯುತ್ತೇವೆ. ಹಳೆ ಸೀರೆ ಕೂಡಿಸಿ ಕೌದಿ ಹೊಲಿಯುತ್ತೇವೆ.

ಆದರೆ ಗಂಟು ಬಹಳ ದೂರ ಹೋಗಬೇಕು ಎಂದು ತಿಳಿಯಿರಿ. ರೈಲು ದಾಟಿ, ವಿಮಾನ ಹತ್ತಿ, ಸಮುದ್ರದ ಆಚೆ ಹೋಗಬೇಕು. ಅಲ್ಲಿ ನಮ್ಮ ದೇಶದ ಸೈನಿಕರು ಇದ್ದಾರೆ. ಅವರನ್ನು ನೋಡಿ ಮಾತಾಡಿಸಿ ಬರಲು ಒಂದು ಸದ್ಭಾವನಾ ತಂಡ ಹೊರಟಿದೆ. ಊರೂರಿನ ಜನ ಕೊಟ್ಟ ಸಾಮಾನನ್ನು ಆ ತಂಡ ಒಯ್ಯುತ್ತದೆ. ಆಗ ನಾವು ಏನು ಕೊಡಬೇಕು? ಹೇಗೆ ಕಟ್ಟಬೇಕು? ಏನು ಬರೆಯಬೇಕು? ಈ ಪಾಠದಲ್ಲಿ ಅದನ್ನು ಕಲಿಯೋಣ.

ನಮ್ಮ ಸೈನಿಕರು ಹೊರದೇಶಕ್ಕೆ ಯಾಕೆ ಹೋಗುತ್ತಾರೆ?

ಸೈನಿಕರು ಬರೀ ನಮ್ಮ ಗಡಿಯನ್ನು ಕಾಯುವುದಿಲ್ಲ. ಬೇರೆ ದೇಶದಲ್ಲಿ ಜಗಳ ಹತ್ತಿದಾಗ ಶಾಂತಿ ಕಾಯಲು ವಿಶ್ವಸಂಸ್ಥೆ ಪಡೆಗಳನ್ನು ಕಳಿಸುತ್ತದೆ. ವಿಶ್ವಸಂಸ್ಥೆ ಎಂದರೆ ಎಲ್ಲ ದೇಶಗಳು ಕೂಡಿ ಕಟ್ಟಿದ ಸಂಸ್ಥೆ. 1950ರಲ್ಲಿ ಕೊರಿಯಾ ದೇಶದಲ್ಲಿ ಯುದ್ಧ ನಡೆಯಿತು. ಆಗ ಭಾರತವು ಗಾಯಾಳುಗಳ ಆರೈಕೆಗೆ ಸೈನ್ಯದ ವೈದ್ಯರ ತಂಡವನ್ನು ಕಳಿಸಿತು. ಅಂದಿನಿಂದ 2.5 ಲಕ್ಷಕ್ಕೂ ಹೆಚ್ಚು ಭಾರತೀಯರು ಹೀಗೆ ಹೊರದೇಶದಲ್ಲಿ ಶಾಂತಿ ಕಾಯ್ದಿದ್ದಾರೆ.

ನಮ್ಮ ಕರ್ನಾಟಕದ ಕೊಡಗಿನವರು ಜನರಲ್ ಕೆ.ಎಸ್. ತಿಮ್ಮಯ್ಯ. ಅವರು ಸೈಪ್ರಸ್ ಎಂಬ ದ್ವೀಪದಲ್ಲಿ ಶಾಂತಿ ಪಡೆಯ ಮುಖ್ಯಸ್ಥರಾಗಿದ್ದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ ತೀರಿಕೊಂಡರು. ಮರುವರ್ಷ ಆ ದೇಶ ಅವರ ಚಿತ್ರವಿರುವ ಅಂಚೆ ಚೀಟಿ ತಂದಿತು. ಪರದೇಶದ ಜನ ನಮ್ಮವರಿಗೆ ಅಷ್ಟು ಮರ್ಯಾದೆ ಕೊಟ್ಟರು.

ಹೆಂಗಸರೂ ಹೋಗಿದ್ದಾರೆ. ಆಫ್ರಿಕಾದಲ್ಲಿ ಲೈಬೀರಿಯಾ ಎಂಬ ದೇಶವಿದೆ. 2007ರಲ್ಲಿ ಭಾರತದ ಮಹಿಳಾ ಪೊಲೀಸರ ಪಡೆ ಅಲ್ಲಿಗೆ ಹೋಯಿತು. ವಿಶ್ವಸಂಸ್ಥೆಯ ಕೆಲಸಕ್ಕೆ ಹೋದ ಮೊದಲ ಮಹಿಳಾ ಪೊಲೀಸ್ ಪಡೆ ಅದೇ. ರಾತ್ರಿ ಬೀದಿಯಲ್ಲಿ ಗಸ್ತು ತಿರುಗಿತು. 2016ರವರೆಗೆ ಒಂದರ ನಂತರ ಒಂದು ತಂಡ ಹೋಗಿ ಅಲ್ಲಿ ಕೆಲಸ ಮಾಡಿತು.

ಇನ್ನೂ ಹಿಂದಿನ ಮಾತು ಕೇಳಿರಿ. ಆಗ ನಮ್ಮೂರು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿತ್ತು. ಮೊದಲ ಮಹಾಯುದ್ಧದಲ್ಲಿ ಹೈದರಾಬಾದ, ಮೈಸೂರು, ಜೋಧಪುರ ಸಂಸ್ಥಾನಗಳ ಕುದುರೆ ಸವಾರರು ಸಮುದ್ರ ದಾಟಿ ಹೋಗಿದ್ದರು. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಹೈಫಾ ಎಂಬ ಪಟ್ಟಣವನ್ನು ಗೆದ್ದರು. ದಿಲ್ಲಿಯ ತೀನ್ ಮೂರ್ತಿಯಲ್ಲಿ ಮೂರು ಸೈನಿಕರ ಮೂರ್ತಿಗಳಿವೆ. ಅವು ಈ ಮೂರು ಸಂಸ್ಥಾನಗಳ ಸವಾರರ ನೆನಪಿಗೆ ನಿಂತಿವೆ.

ಊರಿನವರ ನೆನಪು ಅವರಿಗೆ ಬೇಕು

ಸೈನಿಕರಿಗೆ ಸರಕಾರ ಊಟ ಕೊಡುತ್ತದೆ, ಬಟ್ಟೆ ಕೊಡುತ್ತದೆ. ಹಾಗಾದರೆ ನಾವು ಯಾಕೆ ಕೊಡಬೇಕು? ಊರಿನವರು ನಮ್ಮನ್ನು ಮರೆತಿಲ್ಲ ಎಂಬ ಧೈರ್ಯವನ್ನು ಸರಕಾರ ಕೊಡಲಾಗದು. ಅದನ್ನು ನಾವೇ ಕೊಡಬೇಕು.

1962ರಲ್ಲಿ ಚೀನಾದ ಜೊತೆ ಯುದ್ಧವಾಯಿತು. ದೇಶದ ತುಂಬ ಹೆಂಗಸರು ಸೈನಿಕರಿಗಾಗಿ ಉಣ್ಣೆಯ ಸ್ವೆಟರ್ ಹೆಣೆದರು. ಕೈಬಳೆ, ಕೊರಳ ಸರ ಬಿಚ್ಚಿ ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ಟರು. ಸಿನಿಮಾ ನಟ ಸುನೀಲ್ ದತ್ ಮತ್ತು ನಟಿ ನರ್ಗಿಸ್ ಕಲಾವಿದರ ತಂಡ ಕಟ್ಟಿದರು. ಅದರ ಹೆಸರು ಅಜಂತಾ ಆರ್ಟ್ಸ್. ಆ ತಂಡ ದೂರದ ಗಡಿಗಳಿಗೆ ಹೋಗಿ ಸೈನಿಕರ ಮುಂದೆ ಹಾಡಿತು, ಕುಣಿಯಿತು, ನಗಿಸಿತು. 1971ರ ಯುದ್ಧ ಮುಗಿದ ಮೇಲೆ ಬಾಂಗ್ಲಾದೇಶದ ಢಾಕಾಕ್ಕೂ ಹೋಗಿ ಕಾರ್ಯಕ್ರಮ ಕೊಟ್ಟಿತು.

ಏನು ಕೊಡಬೇಕು?

ಈ ಮಾತು ಬಂದಾಗ ಹೆಂಗಸರ ನಡುವೆ ಇಂಥ ಚರ್ಚೆ ನಡೆಯುತ್ತದೆ. ಓದಿರಿ.

"ಮನ್ಯಾಗ ಹಳೆ ಅರಬಿ ಭಾಳ ಅವ. ಕೊಟ್ರ ನಡೀತದೇನ್ರಿ ಅಕ್ಕೋರ?"

"ಹರಕ ಅರಬಿ ಯಾಕ ಕೊಡ್ತೀ ಯವ್ವಾ? ಅವರೇನು ಬೇಡಲಾಕ ಹೋಗ್ಯಾರೇನು? ನಿನ್ನ ಅಳಿಯಗ ಹರಕ ಅಂಗಿ ಕೊಡ್ತೀಯೇನು?"

"ಅಳಿಯಗ ಹ್ಯಾಂಗ ಕೊಡ್ಲಿ? ಮರ್ಯಾದಿ ಹೋಗ್ತದ!"

"ಹಂಗಾದ್ರ ಸೈನಿಕರಿಗೂ ಅದೇ ಲೆಕ್ಕ."

"ಆದ್ರ ಹೊಸಾದು ಕೊಡಲಾಕ ನನ್ನ ಹಂತ್ಯಾಕ ರೊಕ್ಕ ಇಲ್ರಿ. ದಿನಾ ಕೂಲಿ ಮಾಡಿ ಉಣ್ಣೋರು ನಾವು."

"ರೊಕ್ಕ ಇಲ್ಲದಿದ್ರ ಕೈ ಅದಾವಲ್ಲ? ಹೊಲಿಗಿ ಬರ್ತದಲ್ಲ? ಸಣ್ಣ ಚೀಲ ಹೊಲಿ. ಅದರಾಗ ಸೂಜಿ, ದಾರ, ಗುಂಡಿ ಇಡು. ಗುಂಡಿ ಹರಿದ್ರ ಸೈನಿಕ ತಾನೇ ಹೊಲ್ಕೋತಾನ."

ಈ ಮಾತು ನಿಜ. ಒಳ್ಳೆಯ ಕೊಡುಗೆ ಎಂದರೆ ದುಬಾರಿ ಕೊಡುಗೆ ಎಂದಲ್ಲ. ಮೊದಲು ಆ ತಂಡದವರನ್ನು ಕೇಳಬೇಕು. "ಅಲ್ಲಿ ಚಳಿಯೋ, ಬಿಸಿಲೋ? ಎಷ್ಟು ಜನ ಇದ್ದಾರೆ? ಅವರಿಗೆ ಯಾವುದು ಬೇಕು?" ಬಿಸಿಲ ದೇಶಕ್ಕೆ ಕಂಬಳಿ ಕಳಿಸಿದರೆ ಯಾರಿಗೆ ಬಂತು? ಕೇಳಿ ಕೊಟ್ಟದ್ದು ಉಪಯೋಗಕ್ಕೆ ಬರುತ್ತದೆ. ಕೇಳದೆ ಕೊಟ್ಟದ್ದು ಮೂಲೆಗೆ ಬೀಳುತ್ತದೆ.

ಸಾಮಾನ್ಯವಾಗಿ ಇವು ಆಗುತ್ತವೆ: ಹೊಸ ಟವೆಲ್, ಕಾಲುಚೀಲ, ಉಣ್ಣೆ ಟೋಪಿ, ಸೂಜಿ-ದಾರದ ಚೀಲ, ವಾಲಿಬಾಲ್, ಬಲೆ, ಕೇರಂ ಬೋರ್ಡ್, ಪುಸ್ತಕ. ಇವುಗಳ ಜೊತೆ ಒಂದು ಪತ್ರ ಇರಲಿ. ನಾವೇ ಕೈಯಾರೆ ಬರೆದ ಪತ್ರ.

ಏನು ಕೊಡಬಾರದು?

ಇದು ಜೀವದ ಮಾತು. ಗಮನವಿಟ್ಟು ಓದಿರಿ.

ಬೆಂಕಿ ಪೆಟ್ಟಿಗೆ, ಲೈಟರ್, ಪಟಾಕಿ ಇಡಬಾರದು. ಪೇಂಟು, ಸೀಮೆ ಎಣ್ಣೆ ಇಡಬಾರದು. ಬಿಡಿ ಬ್ಯಾಟರಿ, ಮೊಬೈಲ್ ಚಾರ್ಜ್ ಮಾಡುವ ಪವರ್ ಬ್ಯಾಂಕ್ ಇಡಬಾರದು. ಪೆಟ್ಟಿಗೆಯೊಳಗೆ ಬ್ಯಾಟರಿಗೆ ಪೆಟ್ಟು ಬಿದ್ದರೆ, ಇಲ್ಲವೇ ಅದರ ತುದಿಗೆ ಲೋಹ ತಾಗಿದರೆ, ಅದು ಕಾಯ್ದು ಬೆಂಕಿ ಹತ್ತಬಹುದು. ಆಕಾಶದಲ್ಲಿ ವಿಮಾನಕ್ಕೆ ಬೆಂಕಿ ಹತ್ತಿದರೆ ಓಡಿ ಹೋಗಲು ಜಾಗವೆಲ್ಲಿದೆ? ನಾವು ಪ್ರೀತಿಯಿಂದ ಇಟ್ಟ ಒಂದು ಸಣ್ಣ ಸಾಮಾನು ನೂರಾರು ಜನರ ಜೀವ ತೆಗೆಯಬಹುದು.

ಸೂಜಿ, ಕತ್ತರಿಯನ್ನು ಕೈಚೀಲದಲ್ಲಿ ಒಯ್ಯಬಾರದು. ದೊಡ್ಡ ಪೆಟ್ಟಿಗೆಯಲ್ಲಿ, ದಪ್ಪ ಬಟ್ಟೆಯಲ್ಲಿ ಸುತ್ತಿ ಇಡಬೇಕು.

ತಿನ್ನುವ ಪದಾರ್ಥವನ್ನು ಕೇಳದೆ ಇಡಬಾರದು. ಉಪ್ಪಿನಕಾಯಿಯ ಎಣ್ಣೆ ಸೋರಿದರೆ ಪೆಟ್ಟಿಗೆಯೇ ಹಾಳು. ಹಾಲಿನ ಸಿಹಿ ದಾರಿಯಲ್ಲೇ ಹಳಸುತ್ತದೆ. ಬೀಜ, ಕಾಳು, ಸಸಿಗಳನ್ನು ಅನೇಕ ದೇಶಗಳು ಒಳಗೆ ಬಿಡುವುದಿಲ್ಲ. ಅವುಗಳ ಜೊತೆ ಹುಳು, ರೋಗ ಬಂದು ತಮ್ಮ ಬೆಳೆ ಕೆಡುತ್ತದೆ ಎಂಬ ಭಯ ಅವರಿಗೆ. ತೊಗರಿಗೆ ಹುಳು ಬಿದ್ದರೆ ಏನಾಗುತ್ತದೆ ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಟದ ಸಾಮಾನು, ಬೂಟುಗಳಿಗೆ ಮಣ್ಣು ಅಂಟಿರಬಾರದು. ಮಣ್ಣಿನಲ್ಲಿಯೂ ಬೀಜ, ಹುಳುವಿನ ತತ್ತಿ ಇರುತ್ತವೆ. ನಮ್ಮ ಎರೆ ಮಣ್ಣು ಹೇಗೆ ಅಂಟುತ್ತದೆ ಎಂದು ನಿಮಗೆ ಗೊತ್ತೇ ಇದೆ. ಬ್ರಶ್ ಹಾಕಿ ತಿಕ್ಕಿ, ತೊಳೆದು, ಬಿಸಿಲಿಗೆ ಒಣಗಿಸಿ ಇಡಬೇಕು. ಹಸಿ ಇದ್ದರೆ ಬೂಷ್ಟು ಹಿಡಿಯುತ್ತದೆ.

ಕಟ್ಟುವ ಬಗೆ

1. ಗಟ್ಟಿ ಪೆಟ್ಟಿಗೆ ತೆಗೆದುಕೊಳ್ಳಿರಿ. ಹಳೆಯ ಹೆಸರು, ವಿಳಾಸ ಇದ್ದರೆ ಕಿತ್ತು ಹಾಕಿರಿ.
2. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರಿ. ಮಳೆ ನೀರು ತಾಗುವುದಿಲ್ಲ.
3. ಭಾರದ ಸಾಮಾನು ಕೆಳಗೆ, ಹಗುರ ಸಾಮಾನು ಮೇಲೆ ಇಡಿರಿ.
4. ಚೆಂಡಿನ ಗಾಳಿ ತೆಗೆಯಿರಿ. ಜಾಗ ಉಳಿಯುತ್ತದೆ. ಗಾಳಿ ಹೊಡೆಯುವ ಪಂಪು ಮತ್ತು ಅದರ ಸೂಜಿ ಜೊತೆಗಿಡಿರಿ. ಪಂಪು ಇಲ್ಲದಿದ್ದರೆ ಚೆಂಡು ಇದ್ದೂ ಇಲ್ಲದ ಹಾಗೆ.
5. ಸಂದಿಯಲ್ಲಿ ಟವೆಲ್, ಬಟ್ಟೆ ತುಂಬಿರಿ. ಅಲ್ಲಾಡಿಸಿದರೆ ಸಪ್ಪಳ ಬರಬಾರದು.
6. ಪಟ್ಟಿ ಬರೆಯುವ ತನಕ ಪೆಟ್ಟಿಗೆ ಮುಚ್ಚಬೇಡಿರಿ.

ಪಟ್ಟಿ ಬರೆಯೋಣ

ಅಕ್ಷರ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಪಟ್ಟಿ ಇಲ್ಲದ ಪೆಟ್ಟಿಗೆ ಬಾಯಿ ಇಲ್ಲದ ಮೂಕನ ಹಾಗೆ. ದಾರಿಯಲ್ಲಿ ಎರಡು ಸಾಮಾನು ಹೋದರೂ ಯಾರಿಗೂ ತಿಳಿಯುವುದಿಲ್ಲ. ಕೊಟ್ಟವರಿಗೆ ಗೊತ್ತಿಲ್ಲ, ಪಡೆದವರಿಗೂ ಗೊತ್ತಿಲ್ಲ. ಆಮೇಲೆ ಒಬ್ಬರ ಮೇಲೆ ಒಬ್ಬರು ಅನುಮಾನ ಪಡುತ್ತೇವೆ. ಊರಲ್ಲಿ ಜಗಳ ಹತ್ತುತ್ತದೆ.

ಒಂದು ಪೆಟ್ಟಿಗೆಯ ಪಟ್ಟಿ ನೋಡಿರಿ.

ಪೆಟ್ಟಿಗೆ ನಂಬರ್: 6ರಲ್ಲಿ 1
ಟವೆಲ್ – 20 – ಒಂದಕ್ಕೆ 250 ಗ್ರಾಂ – ಒಟ್ಟು 5,000 ಗ್ರಾಂ
ಉಣ್ಣೆ ಟೋಪಿ – 30 – ಒಂದಕ್ಕೆ 100 ಗ್ರಾಂ – ಒಟ್ಟು 3,000 ಗ್ರಾಂ
ವಾಲಿಬಾಲ್ – 4 – ಒಂದಕ್ಕೆ 270 ಗ್ರಾಂ – ಒಟ್ಟು 1,080 ಗ್ರಾಂ
ಪಂಪು – 1 – 420 ಗ್ರಾಂ
ಖಾಲಿ ಪೆಟ್ಟಿಗೆ – 1,500 ಗ್ರಾಂ
ಎಲ್ಲ ಸೇರಿ – 11,000 ಗ್ರಾಂ. ಅಂದರೆ 11 ಕಿಲೋ.

ಈ ಪಟ್ಟಿಯನ್ನು ಮೂರು ಪ್ರತಿ ಬರೆಯಬೇಕು. ಒಂದು ಪೆಟ್ಟಿಗೆಯೊಳಗೆ. ಒಂದು ಒಯ್ಯುವವರ ಕೈಯಲ್ಲಿ. ಒಂದು ನಮ್ಮ ಹತ್ತಿರ. ಮೂರಕ್ಕೂ ಇಬ್ಬರ ಸಹಿ ಇರಲಿ. ಹೆಬ್ಬೆಟ್ಟು ಒತ್ತುವ ಕಾಲ ನಮಗೆ ಮುಗಿಯಿತು. ಸಹಿ ಮಾಡುವ ಮುಂಚೆ ಪಟ್ಟಿ ಓದಿರಿ, ಸಾಮಾನು ಎಣಿಸಿರಿ. ಓದದೆ ಮಾಡಿದ ಸಹಿಯೂ ಹೆಬ್ಬೆಟ್ಟೂ ಒಂದೇ.

ದೊಡ್ಡ ತಕ್ಕಡಿ ಇಲ್ಲವೇ? ಆಸ್ಪತ್ರೆಯಲ್ಲಿ ನಿಂತು ತೂಗುವ ಯಂತ್ರ ಇರುತ್ತದೆ. ಮೊದಲು ನೀವೊಬ್ಬರೇ ನಿಲ್ಲಿರಿ. 52 ಕಿಲೋ ಬಂತು ಎನ್ನಿ. ಆಮೇಲೆ ಪೆಟ್ಟಿಗೆ ಎತ್ತಿಕೊಂಡು ನಿಲ್ಲಿರಿ. 63 ಬಂತು. 63ರಲ್ಲಿ 52 ಕಳೆದರೆ 11. ಪೆಟ್ಟಿಗೆಯ ತೂಕ 11 ಕಿಲೋ. ಪಟ್ಟಿಯ ಲೆಕ್ಕಕ್ಕೂ ಇದಕ್ಕೂ ತಾಳೆ ಆಯಿತು.

ಅನೇಕ ವಿಮಾನಗಳಲ್ಲಿ ಒಂದು ಪೆಟ್ಟಿಗೆಗೆ 23 ಕಿಲೋ ಮಿತಿ ಇರುತ್ತದೆ. ಹೆಚ್ಚಾದರೆ ಹಣ ಕಟ್ಟಬೇಕು. 32 ಕಿಲೋ ಮೀರಿದ ಪೆಟ್ಟಿಗೆಯನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದೇ ಇಲ್ಲ. ಅದನ್ನು ಎತ್ತುವ ಕೂಲಿಯವರ ಸೊಂಟ ಮುರಿಯಬಾರದಲ್ಲ! ನಮ್ಮ ಶಹಾಬಾದ ಫರಸಿ ಹೊತ್ತವರಿಗೆ ಈ ಮಾತು ಬೇಗ ತಿಳಿಯುತ್ತದೆ.

ವಿಳಾಸ

ತಂಡದ ಕೈಯಲ್ಲಿ ಕೊಡದೆ ಅಂಚೆಯಲ್ಲಿ ಕಳಿಸುವುದಾದರೆ ವಿಳಾಸ ಬೇರೆ ಬಗೆಯದು. ಸೈನಿಕನ ವಿಳಾಸದಲ್ಲಿ ಊರಿನ ಹೆಸರು ಇರುವುದಿಲ್ಲ. ಪಡೆ ಎಲ್ಲಿದೆ ಎಂದು ಶತ್ರುವಿಗೆ ತಿಳಿಯಬಾರದು. ಅದಕ್ಕೇ ಸೈನಿಕನ ನಂಬರ್, ದರ್ಜೆ, ಹೆಸರು, ಪಡೆಯ ಹೆಸರು ಬರೆದು, ಕೆಳಗೆ 56 ಎ.ಪಿ.ಓ. ಅಥವಾ 99 ಎ.ಪಿ.ಓ. ಎಂದು ಬರೆಯುತ್ತಾರೆ. 56ರ ಅಂಚೆ ದಿಲ್ಲಿಗೆ ಹೋಗುತ್ತದೆ. 99ರ ಅಂಚೆ ಕೋಲ್ಕತಾಕ್ಕೆ ಹೋಗುತ್ತದೆ. ಅಲ್ಲಿಂದ ಸೈನ್ಯದ ಅಂಚೆಯವರೇ ಮುಂದೆ ಮುಟ್ಟಿಸುತ್ತಾರೆ.

ಪಿನ್ ನಂಬರ್ 6 ಅಂಕಿಯದು. ನಮ್ಮ ಕಲಬುರಗಿ ಕಡೆಯ ಪಿನ್ 585ರಿಂದ ಶುರು. ಸೈನ್ಯದ ಪಿನ್ 9ರಿಂದ ಶುರು. ಒಂದು ಅಂಕಿ ತಪ್ಪಿದರೂ ಪೆಟ್ಟಿಗೆ ದಾರಿ ತಪ್ಪುತ್ತದೆ. ಅವರು ಕೊಟ್ಟ ವಿಳಾಸವನ್ನು ನೋಡಿ ನೋಡಿ ಬರೆಯಿರಿ. ದಿಲ್ಲಿಯವರಿಗೆ ಕನ್ನಡ ಓದಲು ಬರಲಿಕ್ಕಿಲ್ಲ. ಇಂಗ್ಲಿಷಿನಲ್ಲಿಯೂ ಬರೆಸಿರಿ. ವಿಳಾಸದ ಒಂದು ಚೀಟಿ ಪೆಟ್ಟಿಗೆಯೊಳಗೂ ಇರಲಿ. ಮೇಲಿನದು ಹರಿದರೆ ಒಳಗಿನದು ದಾರಿ ತೋರಿಸುತ್ತದೆ.

ಸೈನಿಕರ ವಿಳಾಸವನ್ನು, ಅವರು ಇರುವ ಜಾಗವನ್ನು ಮೊಬೈಲಿನಲ್ಲಿ ಎಲ್ಲರಿಗೂ ಕಳಿಸಬಾರದು. ಫೋಟೋ ಹಾಕಬಾರದು.

ಮೋಸ ಹೋಗಬೇಡಿರಿ

"ನಾನು ಸೈನಿಕ" ಎಂದು ಫೋನ್ ಮಾಡಿ ಹಣ ದೋಚುವ ಕಳ್ಳರಿದ್ದಾರೆ. "ಸೈನಿಕರಿಗೆ ಚಂದಾ ಕೊಡಿ" ಎಂದು ಬಾಗಿಲಿಗೆ ಬರುವವರೂ ಇದ್ದಾರೆ. ಎಲ್ಲರೂ ಕಳ್ಳರಲ್ಲ. ಆದರೆ ಕೇಳುವುದು ನಮ್ಮ ಹಕ್ಕು. "ಯಾವ ಸಂಸ್ಥೆ? ರಸೀದಿ ಎಲ್ಲಿ?" ಎಂದು ಕೇಳಿರಿ. ರಸೀದಿಯಲ್ಲಿ ನಿಮ್ಮ ಹೆಸರು, ತಾರೀಖು, ಹಣ ಸರಿಯಾಗಿ ಇದೆಯೇ ಓದಿರಿ. ಫೋನಿಗೆ ಬಂದ ಓಟಿಪಿ ನಂಬರನ್ನು ಯಾರಿಗೂ ಹೇಳಬೇಡಿರಿ. ಹಣ ಪಡೆಯಲು ಗುಪ್ತ ನಂಬರ್ ಒತ್ತಬೇಕಾಗಿಲ್ಲ. ಒತ್ತು ಎಂದವನು ಕಳ್ಳ.

ಪ್ರತಿ ವರ್ಷ ಡಿಸೆಂಬರ್ 7 ಧ್ವಜ ದಿನ. 1949ರಿಂದ ಇದು ನಡೆದಿದೆ. ಅಂದು ಸಣ್ಣ ಧ್ವಜ ಕೊಟ್ಟು ಸೈನಿಕರ ಕುಟುಂಬಗಳಿಗಾಗಿ ಹಣ ಕೂಡಿಸುತ್ತಾರೆ. ನಮ್ಮ ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಅನುಮಾನ ಬಂದರೆ ಅಲ್ಲಿ ವಿಚಾರಿಸಬಹುದು.

ಕೊನೆಯ ಮಾತು

ಪೆಟ್ಟಿಗೆಯಲ್ಲಿ ಮೇಲೆ ಇಡುವುದು ಪತ್ರ. ಮುಚ್ಚಳ ತೆಗೆದ ಕೂಡಲೆ ಅದೇ ಕೈಗೆ ಸಿಗಬೇಕು. ದೊಡ್ಡ ಮಾತು ಬೇಡ. ಮಳೆ ಬಂತೋ ಇಲ್ಲವೋ ಬರೆಯಿರಿ. ತೊಗರಿ ಹೂ ಬಿಟ್ಟಿತು ಎಂದು ಬರೆಯಿರಿ. ಅಕ್ಷರ ಸೊಟ್ಟ ಇದ್ದರೂ ಚಿಂತೆ ಇಲ್ಲ. ಅವನ ತಾಯಿಯೂ ನಮ್ಮ ಹಾಗೆ ಈಗ ತಾನೇ ಅಕ್ಷರ ಕಲಿತಿರಬಹುದು. ಓದುವಾಗ ಅವನಿಗೆ ಅವಳ ನೆನಪು ಬರುತ್ತದೆ.

ಅಭ್ಯಾಸ

1. ಓದಿರಿ, ಬರೆಯಿರಿ: ಸೈನಿಕ, ಪೆಟ್ಟಿಗೆ, ವಿಳಾಸ, ರಸೀದಿ, ಸದ್ಭಾವನೆ.

2. ಖಾಲಿ ಜಾಗ ತುಂಬಿರಿ:
ಸೈನ್ಯದ ಪಿನ್ ನಂಬರ್ ........ರಿಂದ ಶುರು ಆಗುತ್ತದೆ.
ಪಟ್ಟಿಯನ್ನು ........ ಪ್ರತಿ ಬರೆಯಬೇಕು.

3. ಲೆಕ್ಕ ಮಾಡಿರಿ: ಒಂದು ಟವೆಲ್ 250 ಗ್ರಾಂ. 12 ಟವೆಲ್ ಎಷ್ಟು ಕಿಲೋ?

4. ಕೂಡಿ ಮಾತಾಡಿರಿ: ಬ್ಯಾಟರಿಯನ್ನು ಪೆಟ್ಟಿಗೆಯಲ್ಲಿ ಯಾಕೆ ಇಡಬಾರದು? ಬೂಟಿನ ಮಣ್ಣು ಯಾಕೆ ತೊಳೆಯಬೇಕು?

5. ದೂರದ ಸೈನಿಕನಿಗೆ ನಾಲ್ಕು ಸಾಲಿನ ಪತ್ರ ಬರೆಯಿರಿ. ಕೆಳಗೆ ನಿಮ್ಮ ಹೆಸರು, ಊರು ಬರೆದು ಸಹಿ ಮಾಡಿರಿ.