ಎರಡನೇ ದಿನದ ಬೆಳಿಗ್ಗೆಗೆ ತಯಾರಾಗಿ: ಮೊದಲ ಸೈಕಲ್ ಪ್ರವಾಸಕ್ಕೆ ಹೊರಡುವವರಿಗೆ

ಚಿಕ್ಕಮಗಳೂರಿನಿಂದ ಹೊರಟು ಆಲ್ದೂರು, ಬಾಳೆಹೊನ್ನೂರು, ಜಯಪುರ, ಶೃಂಗೇರಿ, ಆಗುಂಬೆ ಮೂಲಕ ಉಡುಪಿಗೆ ಇಳಿಯುವ ದಾರಿ ಮೊದಲ ಸೈಕಲ್ ಪ್ರವಾಸಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ದಿನ ಭದ್ರೆಯ ದಡದಲ್ಲಿ ವಾಸ್ತವ್ಯ, ಮರುದಿನ ತುಂಗೆಯ ದಡದಲ್ಲಿ, ಮೂರನೇ ಸಂಜೆ ಆಗುಂಬೆಯ ಸೂರ್ಯಾಸ್ತ. ನಾಲ್ಕು ದಿನಕ್ಕೆ ಹಂಚಿಕೊಂಡರೆ ದಿನಕ್ಕೆ ಸುಮಾರು 30ರಿಂದ 55 ಕಿ.ಮೀ. ತುಳಿದರೆ ಸಾಕು. ದಾರಿ ತೋರಿಸುವ ಗೈಡ್, ಬ್ಯಾಗು ಹೊರುವ ವ್ಯಾನು, ಪಂಕ್ಚರ್ ಹಾಕುವ ಮೆಕ್ಯಾನಿಕ್ ಎಲ್ಲವೂ ಆಯೋಜಕರ ಜವಾಬ್ದಾರಿ.

ಆದರೆ ತುಳಿಯಬೇಕಾದವರು ನಾವೇ. ಮೊದಲ ದಿನ ಉತ್ಸಾಹವೇ ದಾರಿ ಸಾಗಿಸಿಬಿಡುತ್ತದೆ. ಕಷ್ಟ ಗೊತ್ತಾಗುವುದು ಎರಡನೇ ದಿನದ ಬೆಳಿಗ್ಗೆ, ತೊಡೆ ಬಿಗಿದುಕೊಂಡಿರುವಾಗ, ಸೀಟಿನ ಮೇಲೆ ಕೂತರೆ ಸಾಕು ಉರಿ ಏಳುವಾಗ. ಆದ್ದರಿಂದ ವೇಗದ ಚಿಂತೆ ಬಿಡಿ. ಎರಡನೇ ದಿನವೂ ಖುಷಿಯಿಂದ ಸೈಕಲ್ ಹತ್ತುವಂತಿರಬೇಕು, ತಯಾರಿಯೆಲ್ಲ ಅದಕ್ಕೇ.

ದುಡ್ಡು ಕಟ್ಟುವ ಮೊದಲು

ದಿನಕ್ಕೆ ಎಷ್ಟು ಕಿಲೋಮೀಟರ್ ಎಂದು ಎಲ್ಲರೂ ಕೇಳುತ್ತಾರೆ. ದಿನದ ಒಟ್ಟು ಏರು ಎಷ್ಟು ಮೀಟರ್ ಎಂದೂ ಕೇಳಿ. ಬಯಲುಸೀಮೆಯ 50 ಕಿ.ಮೀ. ಬೇರೆ, ಮಲೆನಾಡಿನ 50 ಕಿ.ಮೀ. ಬೇರೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿದೆ, ಉಡುಪಿ ಕಡಲ ಪಕ್ಕದಲ್ಲಿದೆ, ಹಾಗಾಗಿ ದಾರಿಯುದ್ದಕ್ಕೂ ಇಳಿಜಾರೇ ಎಂದು ಲೆಕ್ಕ ಹಾಕಬೇಡಿ. ಕಾಫಿ ತೋಟಗಳ ನಡುವೆ ಪ್ರತಿ ಹಳ್ಳಕ್ಕೂ ಒಂದು ಇಳಿತ, ಅದರ ಬೆನ್ನಿಗೇ ಒಂದು ಏರು.

ವ್ಯಾನು ಗುಂಪಿನ ಹಿಂದೆಯೇ ಬರುತ್ತದೆಯೋ, ಮುಂದಿನ ಊರಿನಲ್ಲಿ ಕಾಯುತ್ತದೆಯೋ? ಸುಸ್ತಾದರೆ ಹತ್ತಿಸಿಕೊಳ್ಳುತ್ತಾರೆಯೇ? ಪ್ರಥಮ ಚಿಕಿತ್ಸೆ ಬಲ್ಲವರು ಜೊತೆಗಿದ್ದಾರೆಯೇ? ಬಾಡಿಗೆ ಸೈಕಲ್ ನಿಮ್ಮ ಎತ್ತರಕ್ಕೆ ತಕ್ಕ ಅಳತೆಯದೇ, ಏರಿಗೆ ಬೇಕಾದ ಹಗುರ ಗೇರುಗಳು ಅದಕ್ಕಿವೆಯೇ? ಇಷ್ಟಕ್ಕೂ ನೇರ ಉತ್ತರ ಕೊಡದ ಆಯೋಜಕರ ಜೊತೆ ಹೋಗದಿರುವುದೇ ಒಳ್ಳೆಯದು. ಕಾಲ ನವೆಂಬರ್‌ನಿಂದ ಫೆಬ್ರುವರಿಯೊಳಗೆ ಇರಲಿ. ಮಳೆಗಾಲದ ಮಲೆನಾಡು ಚೆಂದವೇ, ಆದರೆ ಪಾಚಿ ಕಟ್ಟಿದ ರಸ್ತೆ ಮತ್ತು ಇಂಬಳಗಳ ನಡುವೆ ಮೊದಲ ಪ್ರವಾಸ ಬೇಡ.

ಎರಡು ತಿಂಗಳ ಅಭ್ಯಾಸ

ನಲವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕಾಣಿ. ಆಮೇಲೆ ವಾರದಲ್ಲಿ ಎರಡು ದಿನ ಮುಕ್ಕಾಲು ಗಂಟೆ, ಭಾನುವಾರ 25 ಕಿ.ಮೀ. ಎಂದು ಶುರು ಮಾಡಿ. ಭಾನುವಾರದ ದೂರವನ್ನು ವಾರಕ್ಕೆ ನಾಲ್ಕೈದು ಕಿ.ಮೀ. ಏರಿಸುತ್ತ ಹೋಗಿ. ಐದನೇ ವಾರದಿಂದ ಶನಿವಾರವೂ ಸೈಕಲ್ ಹತ್ತಿ. ಒಂದೇ ಸಲ 80 ಕಿ.ಮೀ. ತುಳಿದು ಮೂರು ದಿನ ಮಲಗುವುದಕ್ಕಿಂತ, ಶನಿವಾರ 40, ಭಾನುವಾರ 35 ತುಳಿಯುವುದು ಪ್ರವಾಸಕ್ಕೆ ಹೆಚ್ಚು ಉಪಯೋಗ. ದಣಿದ ಕಾಲಿನಲ್ಲಿ ತುಳಿಯುವುದನ್ನು ದೇಹ ಕಲಿಯುವುದು ಆ ಭಾನುವಾರಗಳಲ್ಲೇ. ಹೊರಡುವ ವಾರ ಮಾತ್ರ ವಿಶ್ರಾಂತಿ.

ಏರಿನ ಅಭ್ಯಾಸಕ್ಕೆ ಬೆಂಗಳೂರಿನವರಿಗೆ ನಂದಿಬೆಟ್ಟ, ಮೈಸೂರಿನವರಿಗೆ ಚಾಮುಂಡಿ ಬೆಟ್ಟವಿದೆ. ಏರು ಕಾಣಿಸಿದ ಕೂಡಲೇ, ಕಾಲಿಗೆ ಭಾರ ಬೀಳುವ ಮೊದಲೇ, ಹಗುರ ಗೇರಿಗೆ ಬನ್ನಿ. ಭಾರ ಬಿದ್ದ ಮೇಲೆ ಬದಲಿಸಿದರೆ ಚೈನು ಕಿರುಗುಟ್ಟುತ್ತದೆ, ಕೆಲವೊಮ್ಮೆ ಕಳಚಿಯೇ ಬೀಳುತ್ತದೆ. ನಿಮಿಷಕ್ಕೆ 70-80 ಸುತ್ತು ಹಗುರವಾಗಿ ತುಳಿದರೆ ಮಂಡಿ ಉಳಿಯುತ್ತದೆ. ತೀರಾ ಆಗದಿದ್ದರೆ ಇಳಿದು ತಳ್ಳಿಕೊಂಡು ಹೋಗಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಸೀಟು ಮತ್ತು ಚಡ್ಡಿ

ಬಹುತೇಕ ನೋವುಗಳ ಮೂಲ ಸೀಟಿನ ಎತ್ತರ. ಗೋಡೆಗೆ ಆನಿಸಿದ ಸೈಕಲ್ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಕ್ಕೆ ತಂದು, ಹಿಮ್ಮಡಿಯನ್ನು ಅದರ ಮೇಲಿಡಿ. ಆಗ ಕಾಲು ನೆಟ್ಟಗಾಗಬೇಕು, ಸೊಂಟ ಒಂದು ಕಡೆಗೆ ವಾಲಬಾರದು. ನಿಜವಾಗಿ ತುಳಿಯುವಾಗ ಪಾದದ ಮುಂಭಾಗ ಪೆಡಲಿನ ಮೇಲಿರುವುದರಿಂದ ಮಂಡಿ ತಾನಾಗಿಯೇ ತುಸು ಬಾಗುತ್ತದೆ. ಮಂಡಿಯ ಮುಂದೆ ನೋವು ಬಂದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಎಂದರ್ಥ, ಹಿಂದೆ ಬಂದರೆ ಎತ್ತರವಾಗಿದೆ. ಸರಿಹೊಂದಿದ ಮೇಲೆ, ಪೆಡಲ್ ತೋಳು ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗೆ ಟೇಪು ಹಿಡಿದು ಅಳೆದು ಮೊಬೈಲಿನಲ್ಲಿ ಬರೆದುಕೊಳ್ಳಿ. ಚಿಕ್ಕಮಗಳೂರಿನಲ್ಲಿ ಬಾಡಿಗೆ ಸೈಕಲ್ ಕೈಗೆ ಬಂದ ಕೂಡಲೇ ಅದೇ ಅಳತೆಗೆ ಸೀಟು ಕೂರಿಸಿಕೊಳ್ಳಿ. ಪಳಗಿದ ಸ್ವಂತ ಸೀಟನ್ನೇ ಬಿಚ್ಚಿ ಒಯ್ದರೆ ಇನ್ನೂ ಒಳ್ಳೆಯದು.

ಮೆತ್ತನೆಯ ಜೆಲ್ ಸೀಟಿಗೆ ಮರುಳಾಗಬೇಡಿ. ದೂರದ ದಾರಿಯಲ್ಲಿ ಮೂಳೆ ಅದರೊಳಗೆ ಹೂತುಹೋಗಿ ಒತ್ತಡವೆಲ್ಲ ಮೃದು ಭಾಗಕ್ಕೆ ಬೀಳುತ್ತದೆ. ತುಸು ಗಟ್ಟಿ ಸೀಟು, ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿ, ಇವೆರಡು ಸಾಕು. ಆ ಚಡ್ಡಿಯ ಒಳಗೆ ಒಳಉಡುಪು ಹಾಕಬಾರದು. ಅದರ ಹೊಲಿಗೆಯೇ ಚರ್ಮ ಉಜ್ಜಿ ಗಾಯ ಮಾಡುತ್ತದೆ. ಮಲೆನಾಡಿನ ತೇವದಲ್ಲಿ ರಾತ್ರಿ ಒಗೆದದ್ದು ಬೆಳಿಗ್ಗೆಗೆ ಒಣಗುವುದಿಲ್ಲ, ಮೂರು ಜೊತೆ ಇರಲಿ.

ನೀರು, ತಿಂಡಿ

ಹಸಿವಾದ ಮೇಲೆ ತಿನ್ನುತ್ತೇನೆ ಎಂದರೆ ತಡವಾಯಿತು ಎಂದೇ ಲೆಕ್ಕ. ಗಂಟೆಗೊಮ್ಮೆ ಒಂದು ಬಾಳೆಹಣ್ಣೋ, ಶೇಂಗಾ ಚಿಕ್ಕಿಯೋ, ನಾಲ್ಕು ಖರ್ಜೂರವೋ ಬಾಯಿಗೆ ಬೀಳಲಿ. ಗಂಟೆಗೆ ಅರ್ಧ ಲೀಟರಿನಷ್ಟು ನೀರು, ಬಿಸಿಲಿದ್ದರೆ ಇನ್ನೂ ಹೆಚ್ಚು, ಗುಟುಕು ಗುಟುಕಾಗಿ. ಎಳನೀರು ಒಳ್ಳೆಯದೇ, ಆದರೆ ಬೆವರಿನಲ್ಲಿ ಹೋದ ಉಪ್ಪು ಅದರಿಂದ ಪೂರ್ತಿ ತುಂಬುವುದಿಲ್ಲ. ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ, ಇಲ್ಲವೇ ದಾರಿಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲೇಬೇಕು, ವಿಷಯ ಗೈಡ್‌ಗೂ ಗೊತ್ತಿರಬೇಕು.

ಬ್ಯಾಗಿಗೆ ಹೆಚ್ಚೇನೂ ಬೇಡ. ಹೆಲ್ಮೆಟ್ ಮಾತ್ರ ಸ್ವಂತದ್ದಿರಲಿ: ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಗಲ್ಲದ ಪಟ್ಟಿ ಬಿಗಿಯಾಗಿರಬೇಕು. ಬೆಳಗಿನ ಮಂಜಿಗೆ ತೆಳು ಜಾಕೆಟ್, ಹಿಂದಕ್ಕೆ ಕೆಂಪು ದೀಪ. ಮೆಕ್ಯಾನಿಕ್ ಇದ್ದರೂ ಟ್ಯೂಬ್ ಬದಲಿಸುವುದನ್ನು ಒಮ್ಮೆ ಮನೆಯಲ್ಲೇ ಮಾಡಿ ನೋಡಿ. ಹೊಸ ಟ್ಯೂಬ್ ಹಾಕುವ ಮೊದಲು ಟಯರಿನ ಒಳಮೈ ಪೂರ್ತಿ ಮೆಲ್ಲಗೆ ಬೆರಳಾಡಿಸಬೇಕು. ಮುಳ್ಳು ಅಲ್ಲೇ ಉಳಿದಿದ್ದರೆ ಐದು ನಿಮಿಷದಲ್ಲಿ ಮತ್ತೆ ಪಂಕ್ಚರ್.

ಆಗುಂಬೆ ಘಾಟಿ

ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವು. ಈ ಪ್ರವಾಸದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಈ ಇಳಿತಕ್ಕೇ. ಹೊರಡುವ ಮೊದಲು ಬ್ರೇಕು, ಟಯರಿನ ಗಾಳಿ ಎರಡನ್ನೂ ಮೆಕ್ಯಾನಿಕ್ ಎದುರೇ ನೋಡಿಸಿ. ವೇಗ ಇಳಿಸುವುದು ತಿರುವಿಗೆ ಮೊದಲು, ನೆಟ್ಟಗಿನ ರಸ್ತೆಯಲ್ಲಿ, ಎರಡೂ ಬ್ರೇಕು ಸೇರಿಸಿ. ತಿರುವಿನ ನಡುವೆ ಬ್ರೇಕು ಜಗ್ಗಿದರೆ ಚಕ್ರ ಜಾರುತ್ತದೆ. ತಿರುವಿನ ಹೊರಬದಿಯ ಪೆಡಲ್ ಕೆಳಗಿರಲಿ, ದೇಹದ ಭಾರ ಅದರ ಮೇಲಿರಲಿ, ಕಣ್ಣು ತಿರುವು ಮುಗಿಯುವ ಕಡೆಗಿರಲಿ. ನೋಟ ಕಂದಕದ ಕಡೆ ಹೋದರೆ ಸೈಕಲ್ಲೂ ಅತ್ತಲೇ ಎಳೆಯುತ್ತದೆ. ಕೆಳಗಿನಿಂದ ಬಸ್ಸು ಬರುವ ಸದ್ದು ಕೇಳಿದರೆ ತಿರುವಿಗೆ ಮೊದಲೇ ಎಡಕ್ಕೆ ನಿಂತುಬಿಡಿ, ತಿರುಗಲು ಅದಕ್ಕೆ ಇಡೀ ರಸ್ತೆ ಬೇಕು. ರಿಮ್ ಹಿಡಿಯುವ ಬ್ರೇಕಾದರೆ ಮಧ್ಯೆ ಒಂದೆರಡು ಕಡೆ ನಿಂತು ರಿಮ್ ಆರಲು ಬಿಡಿ, ಬೆರಳಿಗೂ ವಿಶ್ರಾಂತಿ ಸಿಗುತ್ತದೆ. ಮಂಗಗಳಿರುವ ಕಡೆ ತಿಂಡಿಯ ಪೊಟ್ಟಣ ಬಿಚ್ಚಬೇಡಿ.

ಹೊರಟ ಮೇಲೆ

ಮುಂದೆ ಒಬ್ಬ ಗೈಡ್, ಕೊನೆಯಲ್ಲಿ ಒಬ್ಬರು. ಮುಂದಿನವರನ್ನು ದಾಟಬೇಡಿ, ಕೊನೆಯವರಿಗಿಂತ ಹಿಂದೆ ಉಳಿಯಬೇಡಿ. ಫೋಟೊಗೆ ನಿಲ್ಲುವುದಾದರೆ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿ. ಇಯರ್‌ಫೋನ್ ಬೇಡ. ಚರ್ಮ ಉರಿಯಲು, ಮಂಡಿ ಚುಚ್ಚಲು ಶುರುವಾದ ಕೂಡಲೇ ಗೈಡ್‌ಗೆ ಹೇಳಿ. ಸಂಜೆಯವರೆಗೆ ಸಹಿಸಿಕೊಂಡರೆ ಮರುದಿನ ವ್ಯಾನಿನಲ್ಲೇ ಕೂರಬೇಕಾದೀತು. ಹೆಬ್ರಿ ದಾಟಿದ ಮೇಲೆ ಕರಾವಳಿಯ ಸೆಕೆ ಹತ್ತು ಗಂಟೆಗೇ ಕಾಡುತ್ತದೆ, ಕೊನೆಯ ದಿನ ಬೆಳಕು ಹರಿಯುತ್ತಲೇ ಹೊರಡಿ.

ಉಡುಪಿ ತಲುಪಿದ ದಿನವೇ ವಾಪಸ್ ಟಿಕೆಟ್ ಮಾಡಿಸಬೇಡಿ. ಒಂದು ರಾತ್ರಿ ಉಳಿದು, ಹೊಟ್ಟೆ ತುಂಬ ಉಂಡು, ಕಾಲು ಚಾಚಿ ಮಲಗಿ. ಸ್ವಂತ ಸೈಕಲನ್ನು ಬಸ್ಸಿನ ಡಿಕ್ಕಿಯಲ್ಲಿ ತರುವವರು ಬಸ್ಸಿನವರೊಂದಿಗೆ ಮೊದಲೇ ಮಾತಾಡಿಕೊಂಡು, ಹ್ಯಾಂಡಲ್ ತಿರುಗಿಸಿ, ಪೆಡಲ್ ಬಿಚ್ಚಿಡಿ. ಬಲಗಡೆಯ ಪೆಡಲ್ ಎಲ್ಲ ನಟ್ಟುಗಳ ಹಾಗೆಯೇ ಬಿಚ್ಚಿಕೊಳ್ಳುತ್ತದೆ, ಎಡಗಡೆಯದನ್ನು ಮಾತ್ರ ಉಲ್ಟಾ, ಅಂದರೆ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೆ ತಿರುಗಿಸಬೇಕು.